ಊರಿಗೆ ‘ಫಿಡ್ಲರ್ ಆನ್ ದ ರೂಫ್’ ಬಂದಾಗ: ನಾಟಕದ ಸುತ್ತ ಕಾರ್ಯಕ್ರಮ ಮಾಡೋದು ಹೇಗೆ?

ನ್ಯೂಜೆರ್ಸಿಯ ನಮ್ಮ ಊರಿನಲ್ಲಿ ಒಂದು ಹವ್ಯಾಸಿ ನಾಟಕ ತಂಡ ಇದೆ. ಹಗಲು ಕೆಲಸಕ್ಕೆ ಹೋಗಿ ರಾತ್ರಿ ರಿಹರ್ಸಲ್‌ಗೆ ಬರೋ ಜನ. ಆ ವರ್ಷ ಅವರು ಯಹೂದಿ ಹಳ್ಳಿಯೊಂದರ ಕಥೆ ಹೇಳೋ ಸಂಗೀತ ನಾಟಕ ‘ಫಿಡ್ಲರ್ ಆನ್ ದ ರೂಫ್’ ಕೈಗೆತ್ತಿಕೊಂಡಿದ್ದರು. ನಾನು ಸುಮ್ನೆ ಬಟ್ಟೆ ಹೊಲಿಯೋಕೆ ಸಹಾಯ ಮಾಡೋಣ ಅಂತ ಹೋದವಳು. ಎರಡು ವಾರ ಕಳೆಯೋದರೊಳಗೆ, ನಾಟಕದ ಜೊತೆಜೊತೆಗೆ ಊರಲ್ಲಿ ನಡೆಯಬೇಕಾದ ಕಾರ್ಯಕ್ರಮಗಳೆಲ್ಲ ನನ್ನ ಹೆಗಲಿಗೆ ಬಿದ್ದವು. ಕನ್ನಡ ಸಂಘದಲ್ಲಿ ರಾಜ್ಯೋತ್ಸವ ಮಾಡಿಸಿದ ಅನುಭವ ಇದೆಯಲ್ಲ, ಇದೇನು ಮಹಾ ಅಂದುಕೊಂಡೆ.

ಮೊದಲ ಕಾರ್ಯಕ್ರಮವನ್ನೇ ಶುಕ್ರವಾರ ಸಂಜೆ 7 ಗಂಟೆಗೆ ಇಟ್ಟೆ. ಪೋಸ್ಟರ್ ಕೂಡ ಅಚ್ಚಾಗಿತ್ತು. ಪಕ್ಕದ ಬೀದಿಯ ಯಹೂದಿ ಅಜ್ಜಿಯೊಬ್ಬರು ಫೋನ್ ಮಾಡಿ, ತುಂಬಾ ಮೆತ್ತಗೆ, ‘ಬರೋಕೆ ಆಸೆ ಇದೆ, ಆದರೆ ಆ ಹೊತ್ತಿಗೆ ನಾನು ಫೋನ್ ಸಹ ಮುಟ್ಟೋದಿಲ್ಲ’ ಅಂದರು. ಶುಕ್ರವಾರ ಸೂರ್ಯ ಮುಳುಗಿದರೆ ಶಬ್ಬಾತ್, ಅಂದರೆ ಯಹೂದಿಗಳ ವಾರದ ವಿಶ್ರಾಂತಿಯ ದಿನ, ಶುರು. ನಾಟಕದಲ್ಲೇ ಒಂದು ಇಡೀ ದೃಶ್ಯ ಶುಕ್ರವಾರ ಸಂಜೆಯ ಪ್ರಾರ್ಥನೆಯದು. ಅದನ್ನು ನೂರು ಸಲ ಕೇಳಿದ್ದೆ. ಆದರೂ ತಲೆಗೆ ಹೊಳೆದಿರಲಿಲ್ಲ.

ಈ ಬರಹ ನನ್ನ ಹಾಗೆ ಸಿಕ್ಕಿಹಾಕಿಕೊಂಡವರಿಗೆ. ನಿಮ್ಮ ಊರಿನ ಶಾಲೆಯೋ, ಕ್ಲಬ್ಬೋ, ಲೈಬ್ರರಿಯೋ ಈ ನಾಟಕ ಹಾಕುತ್ತಿದ್ದರೆ, ಅದರ ಸುತ್ತ ಏನು ಮಾಡಬಹುದು, ಯಾವ ಕ್ರಮದಲ್ಲಿ ಮಾಡಬೇಕು, ಎಲ್ಲಿ ಎಡವುತ್ತೀರಿ ಅಂತ ಹೇಳುತ್ತೇನೆ.

ಮೊದಲು ನಾಟಕ ಏನು ಅಂತ ತಿಳಿದುಕೊಳ್ಳಿ

ಹಾಡು ಗೊತ್ತಿದ್ದರೆ ಸಾಲದು. ಕಥೆ ನಡೆಯೋದು 1905ರಲ್ಲಿ, ರಷ್ಯಾದ ಜಾರ್ ದೊರೆಯ ಕಾಲದಲ್ಲಿ, ಅನಟೆವ್ಕಾ ಅನ್ನೋ ಕಲ್ಪನೆಯ ಹಳ್ಳಿಯಲ್ಲಿ. ಟೆವ್ಯಾ ಹಾಲಿನವನು. ಐದು ಹೆಣ್ಣುಮಕ್ಕಳು. ದೊಡ್ಡವಳು ಮದುವೆ ದಲ್ಲಾಳಿ ತಂದ ಗಂಡನ್ನು ಬೇಡ ಅಂದು ಬಡ ದರ್ಜಿಯನ್ನು ಮದುವೆಯಾಗುತ್ತಾಳೆ. ಎರಡನೆಯವಳು ಒಬ್ಬ ಕ್ರಾಂತಿಕಾರಿ ಹುಡುಗನ ಹಿಂದೆ ಸೈಬೀರಿಯಾಕ್ಕೆ ಹೊರಡುತ್ತಾಳೆ. ಮೂರನೆಯವಳು ಧರ್ಮದ ಆಚೆಗೆ ಹೋಗಿ ರಷ್ಯನ್ ಕ್ರೈಸ್ತ ಹುಡುಗನನ್ನು ಕಟ್ಟಿಕೊಳ್ಳುತ್ತಾಳೆ, ಅಲ್ಲಿಗೆ ಅಪ್ಪನ ತಾಳ್ಮೆ ಮುಗಿಯುತ್ತದೆ. ಕೊನೆಗೆ ಸರ್ಕಾರದ ಆಜ್ಞೆ ಬಂದು ಇಡೀ ಹಳ್ಳಿ ಗಂಟುಮೂಟೆ ಕಟ್ಟಿ ಹೊರಡಬೇಕಾಗುತ್ತದೆ.

ಮೂಲ ಕಥೆಗಳನ್ನು ಪೂರ್ವ ಯುರೋಪಿನ ಯಹೂದಿಗಳ ಯಿಡ್ಡಿಷ್ ಭಾಷೆಯಲ್ಲಿ ಬರೆದವರು ಶೋಲೆಮ್ ಅಲೈಖೆಮ್. ಅದು ಅವರ ಕಾವ್ಯನಾಮ, ‘ನಿಮಗೆ ಶಾಂತಿ ಇರಲಿ’ ಅನ್ನೋ ನಮಸ್ಕಾರದ ಮಾತು. ನಾಟಕ ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಭೂಮಿಗೆ ಬಂದದ್ದು 1964ರ ಸೆಪ್ಟೆಂಬರ್‌ನಲ್ಲಿ. ಸಂಗೀತ ಜೆರ್ರಿ ಬಾಕ್, ಹಾಡು ಶೆಲ್ಡನ್ ಹಾರ್ನಿಕ್, ಮಾತು ಜೋಸೆಫ್ ಸ್ಟೈನ್, ನಿರ್ದೇಶನ ಮತ್ತು ನೃತ್ಯ ಜೆರೋಮ್ ರಾಬಿನ್ಸ್. ಆ ಮೊದಲ ಸುತ್ತೇ 3,242 ಪ್ರದರ್ಶನ ಓಡಿತು. ಕನ್ನಡದವರಿಗೆ ಇದು ತೀರಾ ಹೊರಗಿನದೂ ಅಲ್ಲ. ಜಯಂತ ಕಾಯ್ಕಿಣಿ ಇದನ್ನು ‘ಜತೆಗಿರುವನು ಚಂದಿರ’ ಅಂತ ಕನ್ನಡಕ್ಕೆ ತಂದಿದ್ದಾರೆ. ಅಲ್ಲಿ ಟೆವ್ಯಾನ ಮನೆ ಒಂದು ಮುಸ್ಲಿಂ ಮನೆಯಾಗಿದೆ.

ಹೆಜ್ಜೆ 1: ಯೋಜನೆ ಮಾಡೋ ಮೊದಲೇ ಹೋಗಿ ಕೇಳಿ

ನಾವು ಮಾಡೋ ದೊಡ್ಡ ತಪ್ಪು ಇದು. ಎಲ್ಲ ತೀರ್ಮಾನ ಮಾಡಿ, ಹಾಲ್ ಬುಕ್ ಮಾಡಿ, ಆಮೇಲೆ ಊರಿನ ಯಹೂದಿ ಸಮುದಾಯಕ್ಕೆ ‘ನೀವೂ ಬನ್ನಿ’ ಅಂತ ಕಾಗದ ಕಳಿಸೋದು. ಅವರ ಮನೆಯ ಕಥೆಗೆ ಅವರೇ ಅತಿಥಿಗಳಾದ ಹಾಗೆ! ನಾಟಕಕ್ಕೆ ಮೂರು ತಿಂಗಳು ಇರುವಾಗಲೇ ಸಿನಗಾಗ್‌ಗೆ, ಅಂದರೆ ಅವರ ಪ್ರಾರ್ಥನಾ ಮಂದಿರಕ್ಕೆ, ಫೋನ್ ಮಾಡಿ. ಅಲ್ಲಿನ ಧರ್ಮಗುರು ರಬ್ಬಿಯನ್ನೇ ಹಿಡಿಯಬೇಕು ಅಂತಿಲ್ಲ. ಆಫೀಸು ನೋಡಿಕೊಳ್ಳುವವರು, ಹಿರಿಯರ ಗುಂಪು ನಡೆಸುವವರು, ಭಾನುವಾರದ ಶಾಲೆಯ ಮೇಷ್ಟ್ರು, ಇವರಿಗೇ ಜಾಸ್ತಿ ಗೊತ್ತಿರುತ್ತೆ.

ಒಂದಕ್ಕಿಂತ ಜಾಸ್ತಿ ಸಿನಗಾಗ್ ಇದ್ದರೆ ಎಲ್ಲರನ್ನೂ ಕೇಳಿ. ರಿಫಾರ್ಮ್, ಕನ್ಸರ್ವೇಟಿವ್, ಆರ್ಥೊಡಾಕ್ಸ್ ಅಂತ ಪಂಗಡಗಳಿವೆ. ಒಬ್ಬರಿಗೆ ಸರಿ ಅನ್ನಿಸಿದ್ದು ಇನ್ನೊಬ್ಬರಿಗೆ ಆಗದು. ನಮ್ಮಲ್ಲಿ ಮಾಧ್ವರ ಏಕಾದಶಿ ಒಂದು ದಿನ, ಸ್ಮಾರ್ತರದ್ದು ಇನ್ನೊಂದು ದಿನ ಆಗೋದಿಲ್ವಾ? ಹಾಗೆ.

ಹೋದಾಗ ಪಟ್ಟಿ ತಗೊಂಡು ಹೋಗಬೇಡಿ, ಖಾಲಿ ಪುಸ್ತಕ ತಗೊಂಡು ಹೋಗಿ. ನಾನು ಎರಡನೇ ಸಲ ಹಾಗೆ ಹೋದಾಗ ಹಿರಿಯರ ಗುಂಪಿನವರು ಕೇಳಿದ್ದು ಒಂದೇ: ‘ಹಳ್ಳಿಯ ಕಥೆ ಸರಿ, ಆದರೆ ನಾವು ಇನ್ನೂ ಇದ್ದೀವಿ ಅಂತಲೂ ಜನಕ್ಕೆ ಗೊತ್ತಾಗಲಿ.’ ಮ್ಯೂಸಿಯಂ ಥರ ಆಗಬಾರದು ಅಂತ ಅವರ ಅರ್ಥ. ಅದಾದಮೇಲೆ ನನ್ನ ಯೋಜನೆಯ ಅರ್ಧ ಭಾಗ ಹೊಡೆದು ಹಾಕಿದೆ.

ಹೆಜ್ಜೆ 2: ದಿನ ನೋಡಿ, ಪಂಚಾಂಗ ನೋಡಿ

ಶುಕ್ರವಾರ ಸೂರ್ಯಾಸ್ತಕ್ಕೆ ಮೊದಲಿಂದ ಶನಿವಾರ ರಾತ್ರಿ ನಕ್ಷತ್ರ ಕಾಣೋವರೆಗೆ ಶಬ್ಬಾತ್. ಕಟ್ಟುನಿಟ್ಟಾಗಿ ಆಚರಿಸುವವರು ಗಾಡಿ ಓಡಿಸೋದಿಲ್ಲ, ದುಡ್ಡು ಮುಟ್ಟೋದಿಲ್ಲ, ಸ್ವಿಚ್ ಒತ್ತೋದಿಲ್ಲ. ಡಿಸೆಂಬರ್‌ನಲ್ಲಿ ಶನಿವಾರ ಸಂಜೆ 7ಕ್ಕೆ ಕಾರ್ಯಕ್ರಮ ಇಡಬಹುದು, ಆಗಲೇ ಕತ್ತಲಾಗಿರುತ್ತೆ. ಜೂನ್‌ನಲ್ಲಾದರೆ ನ್ಯೂಜೆರ್ಸಿಯಲ್ಲಿ ಶಬ್ಬಾತ್ ಮುಗಿಯೋಕೆ ರಾತ್ರಿ 9 ದಾಟುತ್ತೆ. ಭಾನುವಾರ ಮಧ್ಯಾಹ್ನ ಅಥವಾ ಗುರುವಾರ ಸಂಜೆ ಅಂತ ಇಟ್ಟುಕೊಂಡುಬಿಟ್ಟರೆ ತಲೆನೋವಿಲ್ಲ.

ಹಬ್ಬಗಳು ಇಂಗ್ಲಿಷ್ ಕ್ಯಾಲೆಂಡರ್‌ನಲ್ಲಿ ಪ್ರತಿ ವರ್ಷ ಓಡಾಡುತ್ತವೆ. ಕಾರಣ ನಮಗೆ ಬೇಗ ಅರ್ಥವಾಗುತ್ತೆ. ಅವರದ್ದೂ ಚಂದ್ರನ ತಿಂಗಳು. ಸೂರ್ಯನ ಜೊತೆ ಹೊಂದಿಸೋಕೆ 19 ವರ್ಷಕ್ಕೆ 7 ಸಲ ಒಂದು ತಿಂಗಳು ಜಾಸ್ತಿ ಸೇರಿಸುತ್ತಾರೆ. ನಮ್ಮ ಅಧಿಕ ಮಾಸ ಇದ್ದ ಹಾಗೆ. ದಿನ ಶುರುವಾಗೋದು ಮಾತ್ರ ಹಿಂದಿನ ಸಂಜೆಯಿಂದ. 2026ರಲ್ಲಿ ಹೊಸ ವರ್ಷ, ಅಂದರೆ ರೋಶ್ ಹಶಾನಾ, ಸೆಪ್ಟೆಂಬರ್ 11ರ ಸಂಜೆಯಿಂದ. ಉಪವಾಸದ ಯೋಮ್ ಕಿಪ್ಪುರ್ ಸೆಪ್ಟೆಂಬರ್ 20ರ ಸಂಜೆಯಿಂದ 21ರವರೆಗೆ. ಶಾಲಾ ನಾಟಕಗಳೆಲ್ಲ ಹೆಚ್ಚಾಗಿ ಬರೋದು ವಸಂತದಲ್ಲಿ, ಪಾಸ್‌ಓವರ್ ಹಬ್ಬ ಬರೋದೂ ಆಗಲೇ. 2027ರಲ್ಲಿ ಅದು ಏಪ್ರಿಲ್ 21ರ ಸಂಜೆಯಿಂದ 29ರವರೆಗೆ. ಆ ದಿನಗಳಲ್ಲಿ ಹುದುಗಿಸಿದ ಬ್ರೆಡ್ ಮುಟ್ಟೋ ಹಾಗಿಲ್ಲ. ಅಂಥ ವಾರದಲ್ಲಿ ಬ್ರೆಡ್ ಮಾಡೋ ಶಿಬಿರ ಇಟ್ಟರೆ ಹೇಗಿರುತ್ತೆ, ನೀವೇ ಯೋಚಿಸಿ. ಪಾಸ್‌ಓವರ್ ಆದಮೇಲೆ ಕೆಲವು ವಾರ ಆರ್ಥೊಡಾಕ್ಸ್ ಜನ ಮದುವೆ ಮಾಡೋದಿಲ್ಲ, ವಾದ್ಯ ಸಂಗೀತ ಕೇಳೋದಿಲ್ಲ. ಕಛೇರಿ ಇಡೋ ಮುಂಚೆ ಅದನ್ನೂ ಕೇಳಿಕೊಳ್ಳಿ. ‘ಹೆಬ್‌ಕ್ಯಾಲ್’ ಅನ್ನೋ ಜಾಲತಾಣದಲ್ಲಿ ನಿಮ್ಮ ಊರಿನ ಹೆಸರು ಹಾಕಿದರೆ ಎಲ್ಲ ಸಮಯವೂ ಸಿಗುತ್ತೆ.

ಹೆಜ್ಜೆ 3: ಹಕ್ಕಿನ ವಿಷಯ

ಇಲ್ಲಿ ಬೇಜಾರು, ಆದರೆ ಬಿಡೋ ಹಾಗಿಲ್ಲ. ಅಮೆರಿಕದಲ್ಲಿ ಈ ನಾಟಕದ ಅನುಮತಿ ಕೊಡೋದು ಮ್ಯೂಸಿಕ್ ಥಿಯೇಟರ್ ಇಂಟರ್‌ನ್ಯಾಷನಲ್ ಅನ್ನೋ ಸಂಸ್ಥೆ. ನಿಮ್ಮ ತಂಡ ದುಡ್ಡು ಕೊಟ್ಟಿರೋದು ಇಂತಿಂಥ ದಿನ, ಇಂಥ ವೇದಿಕೆಯಲ್ಲಿ ನಾಟಕ ಆಡೋಕೆ. ಅದೇ ಹಾಡುಗಳನ್ನು ಲೈಬ್ರರಿಯಲ್ಲಿ ಎಲ್ಲರೂ ಸೇರಿ ಹಾಡೋದು, ದೃಶ್ಯವೊಂದನ್ನು ಮಾಲ್‌ನಲ್ಲಿ ಆಡಿ ತೋರಿಸೋದು, ಇಡೀ ನಾಟಕ ವಿಡಿಯೊ ಮಾಡಿ ಹಾಕೋದು, ಲೋಗೋ ಹಾಕಿ ಟೀ ಶರ್ಟ್ ಮಾರೋದು, ಇವೆಲ್ಲ ಬೇರೆ ಬೇರೆ. ತಂಡದ ನಿರ್ಮಾಪಕರ ಮೂಲಕ ಬರವಣಿಗೆಯಲ್ಲಿ ಕೇಳಿ, ಉತ್ತರ ಬರೋವರೆಗೆ ಮಾಡಬೇಡಿ.

ಸುಲಭದ ದಾರಿ ಇನ್ನೊಂದಿದೆ. ಕಾರ್ಯಕ್ರಮದಲ್ಲಿ ನಾಟಕದ ಹಾಡೇ ಯಾಕೆ ಬೇಕು? ಮದುವೆ ಮನೆಯ ಹಳೇ ಜನಪದ ಕುಣಿತ, ಹಳೇ ಯಿಡ್ಡಿಷ್ ಜನಪದ ಹಾಡು, ಇವು ಯಾರ ಆಸ್ತಿಯೂ ಅಲ್ಲ. ನಾಟಕದ ಹಾಡು ನಾಟಕದಲ್ಲೇ ಕೇಳಲಿ.

ಹೆಜ್ಜೆ 4: ಮೂರೇ ಮೂರು ಕಾರ್ಯಕ್ರಮ ಆರಿಸಿ

ನಮ್ಮ ಮೊದಲ ಪಟ್ಟಿಯಲ್ಲಿ ಒಂಬತ್ತಿದ್ದವು. ಮಾಡಿದ್ದು ನಾಲ್ಕು. ಈಗ ಕೇಳಿದರೆ ಮೂರು ಸಾಕು ಅನ್ನುತ್ತೇನೆ. ಕೈಯಿಂದ ಏನಾದರೂ ಮಾಡೋದು ಒಂದು, ಕೂತು ಕೇಳೋದು ಒಂದು, ನಾಟಕ ಆದಮೇಲೆ ಮಾತಾಡೋದು ಒಂದು. ನಾಟಕಕ್ಕೆ ಆರು ವಾರ ಇರುವಾಗ ಶುರು ಮಾಡಿ, ಎರಡು ವಾರಕ್ಕೊಂದರಂತೆ.

ಖಲ್ಲಾ ಹೆಣೆಯೋ ಮಧ್ಯಾಹ್ನ

ನನ್ನನ್ನು ಕೇಳಿದರೆ ಇದೇ ಎಲ್ಲಕ್ಕಿಂತ ಚೆನ್ನಾಗಿ ನಡೆಯೋದು. ಖಲ್ಲಾ ಅಂದರೆ ಶಬ್ಬಾತ್ ಊಟದ ಬ್ರೆಡ್. ಜಡೆ ಹೆಣೆದ ಹಾಗೆ ಹೆಣೆದು, ಮೇಲೆ ಮೊಟ್ಟೆ ಸವರಿ, ಎಳ್ಳೋ ಗಸಗಸೆಯೋ ಉದುರಿಸಿ ಬೇಯಿಸುತ್ತಾರೆ. ಹಾಲು, ಬೆಣ್ಣೆ ಹಾಕೋದಿಲ್ಲ, ಎಣ್ಣೆ ಮಾತ್ರ. ಮಾಂಸದ ಊಟದ ಜೊತೆ ಹಾಲಿನ ಪದಾರ್ಥ ತಿನ್ನಬಾರದು ಅನ್ನೋ ನಿಯಮ ಇದೆಯಲ್ಲ, ಅದಕ್ಕೆ.

ಒಂದು ಅಳತೆ ಹೇಳುತ್ತೇನೆ, ಎರಡು ಸಣ್ಣ ಬ್ರೆಡ್‌ಗೆ: ಬ್ರೆಡ್ ಮೈದಾ 500 ಗ್ರಾಂ, ಇನ್‌ಸ್ಟಂಟ್ ಈಸ್ಟ್ 7 ಗ್ರಾಂ, ಸಕ್ಕರೆ 60 ಗ್ರಾಂ, ಉಪ್ಪು ಒಂದೂವರೆ ಟೀ ಚಮಚ, ಎಣ್ಣೆ 60 ಮಿ.ಲೀ., ಮೊಟ್ಟೆ ಎರಡು, ಬೆಚ್ಚಗಿನ ನೀರು ಸುಮಾರು 180 ಮಿ.ಲೀ. ಮೇಲೆ ಸವರೋಕೆ ಇನ್ನೊಂದು ಮೊಟ್ಟೆ. ಹಿಟ್ಟು ಚಪಾತಿ ಹಿಟ್ಟಿಗಿಂತ ಮೆತ್ತಗಿರಬೇಕು, ಹೋಳಿಗೆ ಕಣಕದಷ್ಟು ಮೆತ್ತಗಾಗಬಾರದು. ಹತ್ತು ನಿಮಿಷ ನಾದಿ, ಒಂದೂವರೆ ಗಂಟೆ ಮುಚ್ಚಿಡಿ, ಹೆಣೆದ ಮೇಲೆ ಮತ್ತೆ ಮುಕ್ಕಾಲು ಗಂಟೆ ಬಿಡಿ, 350 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಅರ್ಧ ಗಂಟೆ.

ಲೆಕ್ಕ ಹಾಕಿದಿರಾ? ಹತ್ತಿರ ಹತ್ತಿರ ಮೂರು ಗಂಟೆ ಆಯಿತು. ಯಾರೂ ಅಷ್ಟು ಹೊತ್ತು ಕೂರೋದಿಲ್ಲ. ಆದ್ದರಿಂದ ಹಿಂದಿನ ರಾತ್ರಿಯೇ ಹಿಟ್ಟು ನಾದಿ ಫ್ರಿಜ್‌ನಲ್ಲಿಡಿ, ಅಲ್ಲೇ ನಿಧಾನಕ್ಕೆ ಉಬ್ಬುತ್ತೆ. ಬೆಳಗ್ಗೆ ಹೊರಗೆ ತೆಗೆದಿಡಿ. ಬಂದವರು ಹೆಣೆದು, ಅಲ್ಯೂಮಿನಿಯಂ ಟ್ರೇಯಲ್ಲಿಟ್ಟು, ಬೇಯಿಸೋ ವಿಧಾನದ ಚೀಟಿ ಸಮೇತ ಮನೆಗೆ ಒಯ್ಯಲಿ. ಕಾರಲ್ಲಿ ಹೋಗೋ ಹೊತ್ತಿಗೆ ಎರಡನೇ ಉಬ್ಬು ಆಗುತ್ತೆ. ತಲೆಗೊಂದು ಬ್ರೆಡ್‌ನಂತೆ 24 ಜನಕ್ಕೆ ಮೈದಾ 6 ಕಿಲೋ ಬೇಕು. ಒಲೆಯಲ್ಲಿ ನಿಮ್ಮದೊಂದು ಬೇಯ್ತಾ ಇರಲಿ, ಆ ವಾಸನೆಗೇ ಅರ್ಧ ಜನ ಟಿಕೆಟ್ ತಗೋತಾರೆ.

ನಮ್ಮಲ್ಲಿ ಹೆಣೆಯೋದು ಹೇಳಿಕೊಟ್ಟದ್ದು ಆ ಫೋನ್ ಮಾಡಿದ ಅಜ್ಜಿಯೇ. ಮೂರು ಎಳೆ ಉದ್ದಕ್ಕೆ ಹೊಸೆದು, ‘ನೋಡಿ, ನಿಧಾನ’ ಅಂತ ಶುರು ಮಾಡಿದರು. ನಾನು ದಿನಾ ಬೆಳಗ್ಗೆ ಸ್ಕೂಲ್ ಬಸ್ ಬರೋ ಮುಂಚೆ ಮಗಳಿಗೆ ಜಡೆ ಹಾಕುವವಳು. ಕೈ ತಾನೇ ಓಡಿತು. ಅಜ್ಜಿ ಒಮ್ಮೆ ನನ್ನ ಕೈ ನೋಡಿದರು, ಒಮ್ಮೆ ಮಗಳ ಜಡೆ ನೋಡಿದರು, ಏನೂ ಹೇಳದೆ ನನ್ನ ಮುಂದೆ ಆರು ಎಳೆಗಳನ್ನು ಇಟ್ಟು ಹೋದರು. ಅಲ್ಲಿ ನನ್ನ ಆಟ ನಡೆಯಲಿಲ್ಲ. ಮೂರು ಸಲ ಬಿಚ್ಚಿ ಹೆಣೆದರೂ ಒಂದು ಎಳೆ ಯಾವಾಗಲೂ ಹೊರಗೇ ಉಳಿಯುತ್ತಿತ್ತು. ಇನ್ನೊಂದು ವಿಷಯ, ಎಳೆಯನ್ನು ಬಿಗಿಯಾಗಿ ಎಳೆಯಬೇಡಿ. ಕೂದಲಿಗೆ ಬಿಗಿ ಬೇಕು, ಹಿಟ್ಟಿಗೆ ಸಡಿಲ ಬೇಕು. ಬಿಗಿಯಾದರೆ ಒಲೆಯಲ್ಲಿ ಪಕ್ಕಕ್ಕೆ ಸೀಳುತ್ತೆ.

ಹೆಣೆಯೋ ಮುಂಚೆ ಅಜ್ಜಿ ಹಿಟ್ಟಿನಿಂದ ಒಂದು ಸಣ್ಣ ಉಂಡೆ ಕಿತ್ತು ಪಕ್ಕಕ್ಕಿಟ್ಟರು. ಜೆರುಸಲೇಮಿನ ದೇವಾಲಯ ಇದ್ದ ಕಾಲದಲ್ಲಿ ಅದು ಪುರೋಹಿತರ ಪಾಲು. ಈಗ ಸುಟ್ಟುಬಿಡುತ್ತಾರೆ. ಖಲ್ಲಾ ಅನ್ನೋ ಹೆಸರು ಬಂದದ್ದೇ ಆ ತೆಗೆದಿಟ್ಟ ತುಂಡಿನಿಂದ. ಇಂಥದನ್ನೆಲ್ಲ ನೀವು ವಿವರಿಸೋಕೆ ಹೋಗಬೇಡಿ, ಅವರು ಮಾಡಲಿ, ಅವರು ಹೇಳಲಿ.

ನಮ್ಮ ಕಡೆಯ ಸಸ್ಯಾಹಾರಿಗಳು ಬರೋದಾದರೆ ಮೊಟ್ಟೆ ಇದೆ ಅಂತ ಮೊದಲೇ ಹಾಕಿ. ಮೊಟ್ಟೆ ಇಲ್ಲದೆ, ನೀರಲ್ಲೇ ಮಾಡೋ ಖಲ್ಲಾನೂ ಇದೆ, ಒಂದು ಮೇಜು ಅದಕ್ಕೆ ಬಿಡಿ.

ಊಟ ತಿಂಡಿ ಬಗ್ಗೆ ಒಂದು ಮಾತು

‘ನಮ್ಮದು ಶುದ್ಧ ವೆಜ್, ಹಾಗಾಗಿ ಕೋಷರ್’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಾನೂ ಹಾಗೇ ಹೇಳಿದ್ದೆ. ಕೋಷರ್ ಅಂದರೆ ಯಹೂದಿ ಆಹಾರ ನಿಯಮಕ್ಕೆ ಒಪ್ಪುವಂಥದ್ದು. ಪದಾರ್ಥ ಸರಿ ಇದ್ದರೂ ಪಾತ್ರೆ, ಒಲೆ, ಚೀಸ್, ವೈನ್, ಸೊಪ್ಪಿನಲ್ಲಿರೋ ಹುಳ, ಎಲ್ಲಕ್ಕೂ ನಿಯಮ ಇದೆ. ಸಿನಗಾಗ್ ಅಡುಗೆಮನೆಯಲ್ಲಿ ಮಾಡೋದಾದರೆ ಅವರು ಹೇಳಿದ ಬ್ರ್ಯಾಂಡೇ ತನ್ನಿ, ಮನೆಯಿಂದ ಒಂದು ಚಮಚವನ್ನೂ ಒಯ್ಯಬೇಡಿ. ಬೇರೆ ಕಡೆಯಾದರೆ ಪ್ಯಾಕೆಟ್ ತಿಂಡಿ ಇಡಿ, ‘ಓ’ ಅಕ್ಷರದೊಳಗೆ ‘ಯು’ ಇರೋ ಕೋಷರ್ ಗುರುತು ನೋಡಿ ತಗೊಳ್ಳಿ, ಪ್ಯಾಕೆಟ್ ಮುಚ್ಚಿದ್ದ ಹಾಗೇ ಇಡಿ, ಕಾಗದದ ತಟ್ಟೆ ಇಡಿ. ಸಂಘದ ಹೆಂಗಸರು ಮಾಡಿದ ಕೋಡುಬಳೆ ಬೇರೆ ಮೇಜಿನ ಮೇಲಿರಲಿ, ಮೇಲೆ ಚೀಟಿ ಇರಲಿ. ಯಾರಿಗೆ ಬೇಕೋ ಅವರು ತಗೋತಾರೆ. ನಮ್ಮ ಕೋಡುಬಳೆ ಹತ್ತು ನಿಮಿಷದಲ್ಲಿ ಖಾಲಿಯಾಯಿತು, ಅದು ಬೇರೆ ವಿಷಯ.

ಮನೆ ಬಿಟ್ಟು ಬಂದವರ ಸಂಜೆ

ನಾಟಕ ಕೊನೆಯಾಗೋದು ಗಾಡಿ ತುಂಬಿಸಿಕೊಂಡು ಹೊರಡೋದರಲ್ಲಿ. ಆದ್ದರಿಂದ ಊರಿನವರನ್ನು ಕರೆದು, ತಮ್ಮ ಮನೆಯವರು ಬರುವಾಗ ತಂದ ಒಂದೇ ಒಂದು ವಸ್ತು ತನ್ನಿ, ಮೂರು ನಿಮಿಷ ಅದರ ಬಗ್ಗೆ ಹೇಳಿ ಅಂತ ಕೇಳಿದೆವು. ಮಾಡೋದು ಸುಲಭ. ಒಂದು ಉದ್ದ ಮೇಜು, ಬಿಳಿ ಬಟ್ಟೆ, ಒಂದು ಮೈಕು, ಗಡಿಯಾರ ಹಿಡಿದು ಕೂರೋ ಒಬ್ಬ ನಿರ್ದಯಿ. ಹನ್ನೆರಡು ಜನಕ್ಕಿಂತ ಜಾಸ್ತಿ ಬೇಡ. ಮೊದಲೇ ಎಂಟು ಹೆಸರು ಗಟ್ಟಿ ಮಾಡಿಕೊಂಡು, ನಾಲ್ಕು ಜಾಗ ಅಲ್ಲೇ ಎದ್ದು ನಿಲ್ಲುವವರಿಗೆ ಬಿಡಿ.

ನಾನು ಅಮ್ಮ ಕೊಟ್ಟ ಹಿತ್ತಾಳೆ ಕುಟ್ಟಾಣಿ ಒಯ್ದಿದ್ದೆ. ಏಲಕ್ಕಿ ಕುಟ್ಟಿ ಕುಟ್ಟಿ ಅದರ ತಳ ನುಣುಪಾಗಿದೆ. ಮೇಜಿನ ಮೇಲಿಟ್ಟು ತಿರುಗಿದರೆ ಪಕ್ಕದಲ್ಲಿ ಅದರ ಜೋಡಿ! ನಿವೃತ್ತ ಮೇಷ್ಟ್ರೊಬ್ಬರು ತಂದದ್ದು. ಅವರ ಅಜ್ಜಿ ಆಗಿನ ರಷ್ಯಾದ ಮಿನ್‌ಸ್ಕ್ ಹತ್ತಿರದ ಊರಿಂದ ಹೊರಡುವಾಗ ಹಾಸಿಗೆಯೊಳಗೆ ಸುತ್ತಿ ತಂದದ್ದಂತೆ. ಅಷ್ಟು ಭಾರದ್ದನ್ನು ಯಾಕೆ ತಂದರು ಅಂತ ಯಾರೋ ಕೇಳಿದರು. ‘ಅಲ್ಲಿ ಹೋಗಿ ಹೊಸದು ಸಿಗುತ್ತೋ ಇಲ್ವೋ ಅಂತ ಭಯ’ ಅಂದರು ಅವರು. ನಮ್ಮಮ್ಮ ಹೇಳಿದ್ದೂ ಅದೇ ಮಾತು.

ಇಷ್ಟಾದರೂ ಒಂದು ಎಚ್ಚರ. ನಿರೂಪಣೆ ಮಾಡುವವರು ‘ನಾವೂ ನೀವೂ ಒಂದೇ’ ಅಂತ ಬಾಯಿ ತಪ್ಪಿ ಹೇಳಬಾರದು. ನಾನು ಬಂದದ್ದು ವೀಸಾ ಹಿಡಿದು, ವಿಮಾನದಲ್ಲಿ, ಎರಡು ವರ್ಷಕ್ಕೊಮ್ಮೆ ಬೆಂಗಳೂರಿಗೆ ಹೋಗಿಬರುವ ಲೆಕ್ಕದಲ್ಲಿ. ಅವರ ಅಜ್ಜಿ ಬಂದದ್ದು ಮನೆಗೆ ಬೆಂಕಿ ಬಿದ್ದ ಮೇಲೆ. ಕುಟ್ಟಾಣಿ ಒಂದೇ ಥರ ಇರಬಹುದು, ದಾರಿ ಒಂದೇ ಅಲ್ಲ. ಊರಲ್ಲಿ ಈಚೆಗೆ ಯುದ್ಧದಿಂದ ಓಡಿಬಂದ ಕುಟುಂಬ ಇದ್ದರೆ ಮಾತಾಡಿ ಅಂತ ಒತ್ತಾಯ ಮಾಡಬೇಡಿ. ಬಂದು ಕೂತರೆ ಸಾಕು.

ಇದಕ್ಕೇ ಜೋಡಿಸಬಹುದಾದ ಇನ್ನೊಂದು ಚಂದದ ಸಂಗತಿ ಇದೆ. ಶೋಲೆಮ್ ಅಲೈಖೆಮ್ 1916ರಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು. ಲಕ್ಷಕ್ಕೂ ಜಾಸ್ತಿ ಜನ ಬೀದಿಗೆ ಬಂದಿದ್ದರು. ಅವರು ಬರೆದಿಟ್ಟ ಉಯಿಲಿನಲ್ಲಿ, ತನ್ನ ಪುಣ್ಯತಿಥಿಯಂದು ಸೇರಿದವರು ತನ್ನ ಕಥೆಗಳಲ್ಲಿ ಚೆನ್ನಾಗಿ ನಗಿಸೋದೊಂದನ್ನು ಆರಿಸಿ, ತಮಗೆ ಚೆನ್ನಾಗಿ ತಿಳಿಯೋ ಭಾಷೆಯಲ್ಲಿ ಗಟ್ಟಿಯಾಗಿ ಓದಲಿ ಅಂತ ಕೇಳಿಕೊಂಡಿದ್ದರು. ಭಾಷೆ ಯಾವುದಾದರೂ ಸರಿ! ನಾವು ಒಂದು ಪುಟ್ಟ ಕಥೆಯನ್ನು ಇಂಗ್ಲಿಷ್, ಸ್ಪ್ಯಾನಿಷ್, ಕನ್ನಡದಲ್ಲಿ ಭಾಗ ಮಾಡಿ ಓದಿದೆವು. ಹಕ್ಕಿನ ತೊಂದರೆ ಕಮ್ಮಿ. ನೂರು ವರ್ಷಕ್ಕಿಂತ ಹಿಂದೆ ಪ್ರಕಟವಾದ ಇಂಗ್ಲಿಷ್ ಅನುವಾದಗಳು ಅಮೆರಿಕದಲ್ಲಿ ಮುಕ್ತವಾಗಿವೆ, ಅದರಿಂದ ಕನ್ನಡಕ್ಕೆ ಮಾಡಿಕೊಳ್ಳಬಹುದು. ಹೊಸ ಅನುವಾದವಾದರೆ ಅನುಮತಿ ಬೇಕು. ಕಾಯ್ಕಿಣಿಯವರ ನಾಟಕದ ಭಾಗ ಓದೋ ಆಸೆ ಇದ್ದರೂ ಹಾಗೇ, ಕೇಳಿ ಓದಿ.

ರಂಗಮಂದಿರದ ಬಾಗಿಲ ಹತ್ತಿರ ಒಂದು ಪ್ರದರ್ಶನ

ಟಿಕೆಟ್ ತೋರಿಸಿ ಒಳಗೆ ಬರೋ ಜಾಗದಲ್ಲಿ ನಾಲ್ಕು ಬೋರ್ಡು ನಿಲ್ಲಿಸಿ. ಜನ ವಿರಾಮದಲ್ಲಿ ಕಾಫಿ ಹಿಡಿದು ಓದುತ್ತಾರೆ. ರಷ್ಯಾದ ಇತಿಹಾಸ ಪೂರ್ತಿ ಬರೆಯಬೇಡಿ. ನಿಮ್ಮ ಊರಿಗೆ ಅಂಟಿಕೊಂಡದ್ದು ಬರೆಯಿರಿ. ನ್ಯೂಜೆರ್ಸಿಯವರಿಗೆ ಬೇಕಾದಷ್ಟಿದೆ. 1881ರಲ್ಲಿ ಜಾರ್ ಎರಡನೇ ಅಲೆಕ್ಸಾಂಡರ್ ಕೊಲೆಯಾದ. ಅದರ ಹಿಂದೆಯೇ ಯಹೂದಿಗಳ ಮೇಲೆ ದಾಳಿಗಳು ಶುರುವಾದವು. ಮರುವರ್ಷವೇ, 1882ರಲ್ಲಿ, ಅಲ್ಲಿಂದ ಓಡಿಬಂದವರು ದಕ್ಷಿಣ ನ್ಯೂಜೆರ್ಸಿಯ ವೈನ್‌ಲ್ಯಾಂಡ್ ಹತ್ತಿರ ‘ಅಲಯನ್ಸ್’ ಅನ್ನೋ ಬೇಸಾಯದ ವಸಾಹತು ಕಟ್ಟಿದರು. ಆಮೇಲೆ ಈ ರಾಜ್ಯದಲ್ಲಿ ಯಹೂದಿ ಕೋಳಿ ಸಾಕಣೆಗಾರರೂ ಬೇಕಾದಷ್ಟು ಜನ ಇದ್ದರು. 1930ರ ದಶಕದಲ್ಲಿ ಸರ್ಕಾರದ ಯೋಜನೆಯಡಿ ಯಹೂದಿ ಹೊಲಿಗೆ ಕೆಲಸಗಾರರಿಗೆ ಅಂತ ಕಟ್ಟಿದ ಊರು ಈಗಿನ ರೂಸ್‌ವೆಲ್ಟ್. ಅಲ್ಲಿನ ಶಾಲೆಯ ಗೋಡೆ ಮೇಲೆ ಚಿತ್ರಕಾರ ಬೆನ್ ಶಾನ್ ಬರೆದ ದೊಡ್ಡ ಭಿತ್ತಿಚಿತ್ರ ಇವತ್ತಿಗೂ ಇದೆ. ಟೆವ್ಯಾ ಹಡಗು ಹತ್ತಿದ್ದರೆ ಇಲ್ಲೇ ಎಲ್ಲೋ ಹಸು ಕಟ್ಟಿರುತ್ತಿದ್ದ ಅನ್ನಿಸುತ್ತೆ, ಅಲ್ವಾ?

ಒಂದು ಲ್ಯಾಪ್‌ಟಾಪ್ ಇಟ್ಟು, ಹಡಗಿನಲ್ಲಿ ಬಂದ ವಲಸಿಗರ ತಪಾಸಣೆ ನಡೆಯುತ್ತಿದ್ದ ಎಲ್ಲಿಸ್ ಐಲ್ಯಾಂಡ್‌ನ ಪ್ರಯಾಣಿಕರ ಪಟ್ಟಿ ತೆರೆದಿಡಿ, ಹುಡುಕೋದು ಉಚಿತ. 1892ರಿಂದ 1954ರವರೆಗೆ ಸುಮಾರು 1.2 ಕೋಟಿ ಜನ ಅಲ್ಲಿಂದ ಹಾದುಹೋದರು. ‘ಅಲ್ಲಿನ ಅಧಿಕಾರಿ ನಮ್ಮ ಮನೆತನದ ಹೆಸರು ಬದಲಾಯಿಸಿಬಿಟ್ಟ’ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಜಗಳ ಮಾಡಬೇಡಿ, ಆದರೆ ಬೋರ್ಡ್ ಮೇಲೆ ಅದನ್ನು ಬರೆಯಬೇಡಿ. ಅಧಿಕಾರಿಗಳು ಹಡಗಿನವರು ಬರೆದು ತಂದ ಪಟ್ಟಿ ನೋಡಿ ಗುರುತು ಹಾಕುತ್ತಿದ್ದರಷ್ಟೇ. ಹೆಸರು ಬದಲಾಗಿದ್ದು ಹೆಚ್ಚಾಗಿ ಆಮೇಲೆ, ತಾವಾಗಿಯೇ. ವೀಸಾ ಮೇಲೆ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಅಂತ ಹೆಸರು ಬಂದು ಒದ್ದಾಡಿದ ನಮ್ಮವರಿಗೆ ಈ ಮೇಜಿನ ಹತ್ತಿರ ಹೇಳೋಕೆ ಬೇಕಾದಷ್ಟು ಇರುತ್ತೆ.

ಮನೆಯವರು ಕೊಡೋ ಹಳೇ ವಸ್ತು, ಶಬ್ಬಾತ್ ದೀಪದ ಕಂಬ, ಫೋಟೊ, ಕಾಗದ, ಇವಕ್ಕೆ ಬೀಗ ಇರೋ ಗಾಜಿನ ಪೆಟ್ಟಿಗೆ ಬೇಕು. ತಗೊಂಡಾಗ ಫೋಟೊ ತೆಗೆದು, ಎರಡು ಪ್ರತಿ ಚೀಟಿ ಬರೆದು, ಇಬ್ಬರೂ ಸಹಿ ಹಾಕಿ. ತೋರಾ, ಅಂದರೆ ಅವರ ಧರ್ಮಗ್ರಂಥದ ಸುರುಳಿ, ಕೇಳಬೇಡಿ, ಅದು ಪ್ರದರ್ಶನದ ವಸ್ತು ಅಲ್ಲ.

ಸಂಗೀತ, ಕುಣಿತ

ಕ್ಲೆಜ್ಮರ್ ಅಂದರೆ ಪೂರ್ವ ಯುರೋಪಿನ ಯಹೂದಿ ಮದುವೆ ಮನೆಯ ವಾದ್ಯ ಸಂಗೀತ. ಪಿಟೀಲು, ಕ್ಲಾರಿನೆಟ್ ಮುಖ್ಯ. ಒಳ್ಳೇ ತಂಡ ಸಿಕ್ಕರೆ ಮುಕ್ಕಾಲು ಗಂಟೆ ನುಡಿಸಲಿ, ಆಮೇಲೆ ಕುರ್ಚಿ ಪಕ್ಕಕ್ಕೆ ಸರಿಸಿ ಹೋರಾ ಕುಣಿಯಿರಿ. ಕೈ ಕೈ ಹಿಡಿದು ಸುತ್ತು ಬರೋದು, ಕಲಿಯೋಕೆ ಐದು ನಿಮಿಷ. ತಲೆ ಮೇಲೆ ಬಾಟಲಿ ಇಟ್ಟು ಕುಣಿಯೋ ದೃಶ್ಯ ಮಕ್ಕಳಿಗೆ ಇಷ್ಟ. ಅವರ ಕೈಗೆ ಪ್ಲಾಸ್ಟಿಕ್ ನೀರಿನ ಬಾಟಲಿ ಕೊಡಿ. ಗಾಜು ಬೇಡವೇ ಬೇಡ.

ಹೆಜ್ಜೆ 5: ಪೋಸ್ಟರ್, ಪ್ರಚಾರ

ಉದ್ದ ಮೂಗಿನ, ಗಡ್ಡದ ವ್ಯಂಗ್ಯಚಿತ್ರ ಬೇಡ. ದುಡ್ಡಿನ ಜೋಕ್ ಬೇಡ. ‘ಹಳ್ಳಿಯ ಯಹೂದಿ ವೇಷದಲ್ಲಿ ಬನ್ನಿ, ಬಹುಮಾನ ಗೆಲ್ಲಿ’ ಅಂತ ನಮ್ಮಲ್ಲೂ ಒಬ್ಬರು ಉತ್ಸಾಹದಲ್ಲಿ ಬರೆದಿದ್ದರು, ಪುಣ್ಯಕ್ಕೆ ಅಚ್ಚಿಗೆ ಹೋಗೋ ಮುಂಚೆ ಸಿಕ್ಕಿತು. ಪ್ರಾರ್ಥನೆಯ ಶಾಲು ಯಾರದೋ ವೇಷದ ಬಟ್ಟೆಯಲ್ಲ. ನಟರು ವೇದಿಕೆ ಮೇಲೆ ಏನು ಹಾಕಬೇಕು, ಪ್ರಾರ್ಥನೆಯಲ್ಲಿ ದೇವರ ಹೆಸರನ್ನು ಹೇಗೆ ಉಚ್ಚರಿಸಬೇಕು, ಇದನ್ನು ನಿರ್ದೇಶಕರು ಒಬ್ಬ ತಿಳಿದವರ ಜೊತೆ ಕೂತು ಮಾತಾಡಲಿ.

ಹೆಜ್ಜೆ 6: ಕಾವಲು

ಸಿನಗಾಗ್‌ನಲ್ಲಿ ಕಾರ್ಯಕ್ರಮ ಇದ್ದರೆ ಬಾಗಿಲಲ್ಲಿ ಕಾವಲುಗಾರ ಇರುತ್ತಾರೆ, ಚೀಲ ನೋಡುತ್ತಾರೆ, ಹೆಸರಿನ ಪಟ್ಟಿ ಕೇಳುತ್ತಾರೆ. 2018ರ ಅಕ್ಟೋಬರ್‌ನಲ್ಲಿ ಪಿಟ್ಸ್‌ಬರ್ಗ್‌ನ ಸಿನಗಾಗ್‌ನಲ್ಲಿ 11 ಜನರನ್ನು ಗುಂಡಿಟ್ಟು ಕೊಂದರು. ಅದು ನೆನಪಿದ್ದರೆ ಯಾಕೆ ಅಂತ ಕೇಳೋದಿಲ್ಲ ನೀವು. ಹೆಸರು ನೋಂದಣಿ ಮೊದಲೇ ಮಾಡಿಸಿ, ಪಟ್ಟಿಯನ್ನು ಎರಡು ದಿನ ಮುಂಚೆ ಕೊಡಿ, ಬರುವವರಿಗೆ ಹದಿನೈದು ನಿಮಿಷ ಬೇಗ ಬನ್ನಿ ಅಂತ ಹೇಳಿ. ನಾಟಕದ ದಿನಗಳನ್ನು ಸ್ಥಳೀಯ ಪೊಲೀಸರಿಗೂ ತಿಳಿಸಿ.

ಹೆಜ್ಜೆ 7: ನಾಟಕ ಆದಮೇಲಿನ ಮಾತು

ಭಾನುವಾರ ಮಧ್ಯಾಹ್ನ 2ರ ಪ್ರದರ್ಶನ ಆರಿಸಿ. ನಾಟಕ ವಿರಾಮ ಸೇರಿ ಹತ್ತಿರ ಹತ್ತಿರ ಮೂರು ಗಂಟೆ. ಮುಗಿದಾಗ 5 ಆಗಿರುತ್ತೆ, ಜನಕ್ಕೆ ಹಸಿವು, ಮಕ್ಕಳಿಗೆ ರಗಳೆ. ಇಪ್ಪತ್ತೇ ನಿಮಿಷ ಮಾಡಿ. ವೇದಿಕೆ ಮೇಲೆ ಮೂವರು ಸಾಕು: ಟೆವ್ಯಾ ಪಾತ್ರಧಾರಿ, ಇತಿಹಾಸ ತಿಳಿದ ಒಬ್ಬರು, ಊರಿನ ಹಿರಿಯರೊಬ್ಬರು. ಐದು ನಿಮಿಷ ಅಂತರ ಕೊಡಿ, ಹೋಗುವವರು ಹೋಗಲಿ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಮೈಕು ಕೈಗೆ ಕೊಟ್ಟರೆ ಪ್ರಶ್ನೆ ಬರೋದಿಲ್ಲ, ಭಾಷಣ ಬರುತ್ತೆ. ಇವತ್ತಿನ ರಾಜಕೀಯ ಎಳೆಯುವವರು ಒಬ್ಬರಾದರೂ ಇರುತ್ತಾರೆ, ನಿರೂಪಕರು ಅದಕ್ಕೆ ಮೊದಲೇ ಒಂದು ಸಾಲು ತಯಾರಿಟ್ಟುಕೊಳ್ಳಲಿ.

ನಮ್ಮಲ್ಲಿ ಬಂದ ಒಳ್ಳೇ ಪ್ರಶ್ನೆ ಒಬ್ಬ ಎಂಟನೇ ಕ್ಲಾಸ್ ಹುಡುಗಿಯದು. ಮೂರನೇ ಮಗಳನ್ನು ಅಪ್ಪ ಮಾತಾಡಿಸೋದಿಲ್ಲ ಅಂತಾನಲ್ಲ, ಆದರೆ ಕೊನೆಯಲ್ಲಿ ಅವಳಿಗೆ ಕೇಳೋ ಹಾಗೆ ‘ದೇವರು ನಿಮ್ಮ ಜೊತೆಗಿರಲಿ’ ಅಂತ ಗೊಣಗುತ್ತಾನೆ, ಅದು ಕ್ಷಮಿಸಿದ್ದಾ ಇಲ್ವಾ ಅಂತ. ಮೂವರೂ ಮೂರು ಉತ್ತರ ಕೊಟ್ಟರು. ನಮ್ಮ ಸಂಘದ ಎರಡು ಜೋಡಿ ಪಾರ್ಕಿಂಗ್ ಲಾಟ್‌ನಲ್ಲಿ ಇನ್ನೂ ಅದನ್ನೇ ವಾದಿಸುತ್ತಾ ನಿಂತಿದ್ದರು.

ಕೊನೆಯ ಕೆಲಸ

ಪರದೆ ಬಿದ್ದ ವಾರದೊಳಗೆ ಗಾಜಿನ ಪೆಟ್ಟಿಗೆಯ ವಸ್ತುಗಳನ್ನು ನೀವೇ ಅವರವರ ಮನೆಗೆ ಹೋಗಿ ಕೊಡಿ. ಅಂಚೆಯಲ್ಲಿ ಕಳಿಸಬೇಡಿ, ಬೇರೆಯವರ ಕೈಲಿ ಕಳಿಸಬೇಡಿ. ಚೀಟಿಯ ಮೇಲೆ ವಾಪಸ್ ಬಂತು ಅಂತ ಸಹಿ ಹಾಕಿಸಿಕೊಳ್ಳಿ. ನಾನು ಅಜ್ಜಿಯ ದೀಪದ ಕಂಬ ಕೊಡೋಕೆ ಹೋದದ್ದು ಗುರುವಾರ ಸಂಜೆ, ದಿನ ನೋಡಿಕೊಂಡೇ ಹೋದೆ. ಅವರು ಮೇಜಿನ ಮೇಲೆ ಆರು ಎಳೆ ಹಿಟ್ಟು ಸಾಲಾಗಿ ಇಟ್ಟುಕೊಂಡು ಕೂತಿದ್ದರು. ಕೈ ತೊಳೆದುಕೊಂಡು ಬಾ ಅಂದರು.